ಪಟ್ಟಾಭಿಷೇಕದ ಗೋಡೆ

ಪೂಜ್ಯ ಶ್ರೀ ಶಾಂತದೇಶಿಕ ಸ್ವಾಮಿಗಳು ಒಂದು ವರ್ಷದ ಸಂಚಾರ ಮುಗಿಸಿ ಕಲ್ಲಗುಡಿಯ ಮಠಕ್ಕೆ ಮರಳಿದವರು ನೇರವಾಗಿ ದಾಸೋಹದ ಅಡುಗೆಮನೆಗೆ ಹೋದರು. ಅಲ್ಲಿ ಭಕ್ತೆಯರ ನಡುವೆ ಕುಳಿತು ಸೊಪ್ಪು ಸೋಸುತ್ತಿದ್ದರು.

ಸಭಾಮಂಟಪದಲ್ಲಿ ಚಿತ್ರಗಾರ ಬೊಮ್ಮೋಜನಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಆರು ತಿಂಗಳಿಂದ ಅವನು ಆ ಗೋಡೆಗಳ ಮೇಲೆ ಮಠದ ಗುರುಪರಂಪರೆಯ ಕಥೆಯನ್ನು ಚಿತ್ರಿಸುತ್ತಿದ್ದ. ಬರೆಸುತ್ತಿದ್ದವನು ಪಾಳೆಯಗಾರ ಕೆಂಚಣ್ಣ ನಾಯಕ, ಅಣ್ಣನನ್ನು ಕೊಲ್ಲಿಸಿ, ಅತ್ತಿಗೆಯನ್ನು ಸೆರೆಗೆ ಹಾಕಿ ಗದ್ದುಗೆ ಏರಿದವನು. ಕೊನೆಯ ಚಿತ್ರದಲ್ಲಿ ಸ್ವಾಮಿಗಳೇ ಅವನ ತಲೆಯ ಮೇಲೆ ಕೈಯಿಟ್ಟು ಪಟ್ಟ ಕಟ್ಟುತ್ತಿರಬೇಕೆಂದು ಅಪ್ಪಣೆಯಾಗಿತ್ತು. ಓದು ಬಾರದ ಜನ ಗೋಡೆ ನೋಡಿ ನಂಬುತ್ತಾರೆಂದು ನಾಯಕನಿಗೆ ಗೊತ್ತಿತ್ತು. ನಿಜವಾಗಿ ಸ್ವಾಮಿಗಳು ಅಂದು ಪಟ್ಟ ಕಟ್ಟಲು ಒಪ್ಪದೆ ಸಂಚಾರ ಹೊರಟಿದ್ದರು. ಅದು ಬೊಮ್ಮೋಜನಿಗೂ ಗೊತ್ತು. ಆದರೆ ಅವನ ಹೆಂಡತಿ ಮಕ್ಕಳು ನಾಯಕನ ಕೋಟೆಯೊಳಗೆ ಒತ್ತೆಯಾಗಿದ್ದರು. ನಾಯಕ ಇನ್ನೇನು ನೋಡಲು ಬರುವವನಿದ್ದ.

ಬೊಮ್ಮೋಜ ಅಡುಗೆಮನೆಯ ಹೊಸ್ತಿಲಿನಾಚೆ ಹೋಗಿ ನಿಂತು, "ಬುದ್ಧಿ, ನಡೆಯದೇ ಇದ್ದದ್ದನ್ನ ಬರೆದುಬಿಟ್ಟೆ," ಎಂದ.

ಸ್ವಾಮಿಗಳು ಎದ್ದು ಕೈ ತೊಳೆದು ಸಭಾಮಂಟಪಕ್ಕೆ ಬಂದರು. ಗಾರೆ ಇನ್ನೂ ಹಸಿಯಾಗಿತ್ತು. ತಮ್ಮದೇ ಆಕೃತಿಯನ್ನು ಬಹಳ ಹೊತ್ತು ನೋಡಿ, ನೆಲದ ಮೇಲಿದ್ದ ಗಾರೆ ಸವರುವ ಕರಣೆ ಎತ್ತಿಕೊಂಡು ಅದನ್ನು ಕೆರೆದುಹಾಕಿದರು. ಹೆಬ್ಬಾಗಿಲಲ್ಲಿ ಆಗಲೇ ಕುದುರೆಗಳ ಸದ್ದು.

"ಕೆರೆದವರು ಯಾರು?" ಎಂದ ನಾಯಕ, ಚಿತ್ರಗಾರನನ್ನೇ ನೋಡುತ್ತ.

"ನಾವು," ಎಂದರು ಸ್ವಾಮಿಗಳು. "ನಮ್ಮ ಕೈ ನಿಮ್ಮ ತಲೆಯ ಮೇಲೆ ಇರಲಿಲ್ಲ."

"ಬೊಮ್ಮೋಜ, ಮತ್ತೆ ಬರಿ. ಈಗಲೇ."

ಬೊಮ್ಮೋಜನಿಗೆ ಮಕ್ಕಳ ಮುಖ ಕಣ್ಣ ಮುಂದೆ ಬಂತು. ಆದರೂ ಕುಂಚವನ್ನು ಕೆಳಗಿಟ್ಟ. "ನನ್ನಿಂದ ಆಗೋದಿಲ್ಲ, ದೊರೆ."

ನಾಯಕನ ಮುಖ ಕಪ್ಪಿಟ್ಟಿತು. ಸ್ವಾಮಿಗಳು ಮೆಲ್ಲಗೆ ಹೇಳಿದರು: "ನಿಮ್ಮ ಅತ್ತಿಗೆ ಇನ್ನೂ ಸೆರೆಯಲ್ಲಿದ್ದಾರೆ, ನಾಯಕರೇ. ಅವರನ್ನು ಬಿಡಿಸಿ ಕರೆತನ್ನಿ. ಅದನ್ನು ಈ ಗೋಡೆಯ ಮೇಲೆ ನಾವೇ ನಿಂತು ಬರೆಸುತ್ತೇವೆ."

ನಾಯಕ ಕೆರೆದ ಗೋಡೆಯನ್ನು ಮತ್ತೊಮ್ಮೆ ನೋಡಿ, ಹೊರಗೆ ಹೋಗಿ ಕುದುರೆ ಏರಿದ.

ಮೂರು ದಿನ ಬೊಮ್ಮೋಜನಿಗೆ ತುತ್ತು ಇಳಿಯಲಿಲ್ಲ. ಬಾಗಿಲಲ್ಲಿ ನೆರಳು ಸರಿದರೆ ಸಾಕು, ಭಟರು ಬಂದರೆಂದು ಬೆಚ್ಚುತ್ತಿದ್ದ. ನಾಲ್ಕನೆಯ ಬೆಳಿಗ್ಗೆ ಮಠದ ಮುಂದೆ ಆಳುಗಳು ಹೊತ್ತು ತಂದ ಒಂದು ಮೇನೆ ಇಳಿಯಿತು. ಒಳಗಿದ್ದವರು ನಾಯಕನ ಅತ್ತಿಗೆ. ಪಕ್ಕದಲ್ಲಿ ನಾಯಕ ಬರಿಗಾಲಲ್ಲಿ ನಡೆದು ಬಂದಿದ್ದ. ಮೇನೆಯ ಹಿಂದೆ ಬೊಮ್ಮೋಜನ ಹೆಂಡತಿ ಮಕ್ಕಳಿದ್ದರು. ನಾಯಕ ಎಲ್ಲರೆದುರು ಅತ್ತಿಗೆಯ ಕಾಲಿಗೆ ಬಿದ್ದು, "ಸ್ವಾಮಿಗಳ ಮಾತು ಮೂರು ರಾತ್ರಿ ನನ್ನನ್ನು ಮಲಗಗೊಡಲಿಲ್ಲ. ಕ್ಷಮಿಸಿ," ಎಂದ.

"ಈಗ ಬರಿ," ಎಂದರು ಸ್ವಾಮಿಗಳು.

"ಚಿತ್ರದಲ್ಲಿ ತಮ್ಮನ್ನ ಎಲ್ಲಿ ನಿಲ್ಲಿಸಲಿ, ಬುದ್ಧಿ?"

"ನಮ್ಮನ್ನು ಬಿಡು. ಅವರಿಬ್ಬರೇ ಸಾಕು."

ಬೊಮ್ಮೋಜ ಸ್ವಾಮಿಗಳ ಪಾದಗಳಿಗೆ ಹಣೆ ಹಚ್ಚಿದ. ಮುಂದೆ ಬದುಕಿರುವವರೆಗೂ ಅವನು ಅರಮನೆಯ ಕೆಲಸ ಹಿಡಿಯಲಿಲ್ಲ. ಮಠದ ಗೋಡೆಗಳಿಗೆ ಚಿತ್ರ ಬರೆಯುತ್ತ, ದಾಸೋಹದಲ್ಲಿ ಪ್ರಸಾದ ಸ್ವೀಕರಿಸುತ್ತ, ನಿಶ್ಚಿಂತನಾಗಿ ಬಾಳಿದ.