ಎದುರುಬದುರು ಮಲಗಿದ ಅಣುಗಳು

"ಸರ್, ಭುವನೇಂದ್ರ ಮತ್ತು ನಾನು, ನಮ್ಮಿಬ್ಬರಲ್ಲಿ ಯಾರ ಬಲ ಹೆಚ್ಚು? ಇವತ್ತು ನೀವೇ ಹೇಳಿಬಿಡಿ. ಕಡಿಮೆಯಾದವರು ಪ್ರಯೋಗಾಲಯ ಬಿಡಲಿ" ಎಂದು ಸಂಗಮನಾಥ ಕೇಳಿದ.

ಇಬ್ಬರೂ ಗುರುಗಳ ಬಳಿ ಸಂಶೋಧನೆಗೆ ಸೇರಿದವರು. ಒಂದೇ ಕೆಲಸ, ಒಂದೇ ಮೇಜು. ಮಾತು ಬಿಟ್ಟು ಆರು ತಿಂಗಳಾಗಿತ್ತು. ಇವನು ಬರೆದದ್ದನ್ನು ಅವನು ಒಪ್ಪುತ್ತಿರಲಿಲ್ಲ, ಅವನು ಬರೆದದ್ದನ್ನು ಇವನು; ಕೆಲಸ ಒಂದು ಹೆಜ್ಜೆಯೂ ಮುಂದೆ ಹೋಗಿರಲಿಲ್ಲ. ಉತ್ತರ ತನ್ನ ಕಡೆ ಬಾರದಿದ್ದರೆ ಕೊಡಲೆಂದು ಸಂಗಮನಾಥ ರಾಜೀನಾಮೆ ಬರೆದು ಜೇಬಿನಲ್ಲಿಟ್ಟುಕೊಂಡೇ ಬಂದಿದ್ದ.

ಗುರುಗಳು ಕತೆ ಹೇಳಿದರು.

ಒಬ್ಬ ರಸಾಯನಶಾಸ್ತ್ರಜ್ಞನಿದ್ದ. ಕಣ್ಣಿಗೆ ಕಾಣದ ಲೇಸರ್ ಕಿರಣ ಹಾಯಿಸಿದರೆ ಹಸಿರು ಬೆಳಕು ಕೊಡುವ ಹರಳು ಅವನಿಗೆ ಬೇಕಿತ್ತು. ಅದಕ್ಕೆಂದೇ ಒಂದು ಅಣುವನ್ನು ಕಟ್ಟಿದ. ಅದರ ಒಂದು ತುದಿ ಎಲೆಕ್ಟ್ರಾನನ್ನು ತಳ್ಳುತ್ತಿತ್ತು, ಇನ್ನೊಂದು ಎಳೆಯುತ್ತಿತ್ತು. ಬಿಡಿಯಾಗಿ ಅಳೆದರೆ ಅಷ್ಟು ಬಲದ ಅಣು ಬೇರೆ ಇರಲಿಲ್ಲ. ಹಿಗ್ಗಿ ಹೀರೇಕಾಯಿಯಾದ. ಹರಳು ಬೆಳೆಸಿ, ದೀಪ ಆರಿಸಿ, ಲೇಸರ್ ಹಾಯಿಸಿದ. ಹಸಿರಿನ ಸುಳಿವೇ ಇಲ್ಲ.

ಬಲ ಸಾಲದೆಂದು ಎರಡೂ ತುದಿಗಳನ್ನು ಇನ್ನಷ್ಟು ಬಲಪಡಿಸಿದ. ಮತ್ತೆ ಕತ್ತಲು. ನಾಲ್ಕು ವರ್ಷ ಹೀಗೇ ಹೋಯಿತು. ಇನ್ನೊಂದು ತಿಂಗಳಿಗೆ ಪರಿಶೀಲನಾ ಸಮಿತಿ ಬರುವುದಿತ್ತು; ಬೆಳಕು ಕಾಣದಿದ್ದರೆ ಅವನ ಕೆಲಸಕ್ಕೆ ಬೀಗ.

ಪಕ್ಕದ ಕೋಣೆಯಲ್ಲಿ ಕ್ಷ-ಕಿರಣದಿಂದ ಹರಳಿನ ಒಳಜೋಡಣೆ ನೋಡುವ ಹೆಂಗಸೊಬ್ಬಳಿದ್ದಳು. ಅವಳನ್ನು ಕೇಳುವುದು ತನಗೆ ಅವಮಾನ ಎಂದುಕೊಂಡಿದ್ದವನು ಈಗ ಹರಳು ಹಿಡಿದು ಹೋದ.

"ನಿಮ್ಮ ಅಣುಗಳು ಒಂದರ ತಲೆಯ ಕಡೆ ಇನ್ನೊಂದರ ಕಾಲು ಬರುವ ಹಾಗೆ ಮಲಗಿವೆ" ಎಂದಳು ಅವಳು. "ಇದು ಕೊಟ್ಟದ್ದನ್ನು ಅದು ಅಳಿಸುತ್ತದೆ. ನೀವು ಬಲ ಹೆಚ್ಚಿಸಿದಷ್ಟೂ ಬಿಗಿಯಾಗಿ ಹಾಗೇ ಮಲಗುತ್ತವೆ."

"ಈಗೇನು ಮಾಡಲಿ?"

"ಪಕ್ಕಕ್ಕೊಂದು ಚಿಕ್ಕ ಕವಲು ಸೇರಿಸಿ. ಎದುರುಬದುರು ಮಲಗಲು ಜಾಗ ಸಿಗಬಾರದು. ಬಲ ಕೊಂಚ ತಗ್ಗುತ್ತದೆ, ತಗ್ಗಲಿ."

ನಾಲ್ಕು ವರ್ಷ ಹೆಚ್ಚಿಸಿದ ಬಲವನ್ನು ಕೈಯಾರೆ ತಗ್ಗಿಸಲು ಅವನಿಗೆ ಮನಸ್ಸಿರಲಿಲ್ಲ. ಆದರೂ ಕವಲು ಸೇರಿಸಿದ. ಸಮಿತಿ ಬರುವ ಹಿಂದಿನ ದಿನ ಹರಳು ಸಿಕ್ಕಿತು. ಚಿಕ್ಕದು, ಸೊಟ್ಟ. ದೀಪ ಆರಿಸಿ ಲೇಸರ್ ಹಾಯಿಸಿದ. ಗೋಡೆಯ ಮೇಲೆ ಹಸಿರು ಚುಕ್ಕೆ ಬಿತ್ತು.

ಗುರುಗಳು ಕತೆ ಮುಗಿಸಿದರು. ಸಂಗಮನಾಥನಿಗೆ ಸಿಟ್ಟು ಬಂತು. ತಾನು ಕೇಳಿದ್ದು ಹರಳಿನ ಮಾತಲ್ಲ, ಇಬ್ಬರಲ್ಲಿ ಯಾರ ಬಲ ಹೆಚ್ಚೆಂದು ಎಂದ. ಕೈ ಆಗಲೇ ಜೇಬಿಗೆ ಹೋಗಿತ್ತು.

"ಇಬ್ಬರದೂ ಸಮ ಕಣಪ್ಪ, ಅದಕ್ಕೇ ಆರು ತಿಂಗಳಿಂದ ಇಲ್ಲಿ ಕತ್ತಲು."