ಲೆಕ್ಕಕ್ಕೆ ಬಾರದ ಕೆಮ್ಮು

"ಮತ್ತೆ ನಡುವೆ ಬಾಯಿ ಹಾಕಿದೆಯಾ? ನಿನ್ನಿಂದಾಗಿ ನಾನು ಇವತ್ತು ಒಂದು ಮಾತನ್ನೂ ಪೂರ್ತಿ ಆಡಿಲ್ಲ" ಎಂದರು ಗುರುಮಾತೆ.

ಶಿಷ್ಯೆ ತಲೆ ತಗ್ಗಿಸಿದಳು. ಪ್ರಶ್ನೆಯನ್ನು ಮಾತ್ರ ಬಿಡಲಿಲ್ಲ. "ತಪ್ಪು ಕಂಡರೆ ಬಾಯಿ ಬಿಟ್ಟು ಹೇಳಿ ಎನ್ನುತ್ತೀರಿ ಅಮ್ಮಾ. ಹಿರಿಯರಲ್ಲಿ ಕಂಡರೂ ಹೇಳಬೇಕೇ? ಮರ್ಯಾದೆ ಅಂತ ಒಂದು ಇದೆಯಲ್ಲ?"

"ನಡುವೆ ಬಾಯಿ ಹಾಕುವಾಗ ಅದು ಎಲ್ಲಿ ಹೋಗಿತ್ತು?" ಎಂದು ಕೇಳಿ, ಗುರುಮಾತೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಯಜಮಾನನಿದ್ದ. ಹೊರಗಿನಿಂದ ಬಂದಾಗ ಅವನು ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದ. ಒಳಗಿದ್ದ ಹೆಂಗಸರು ಕೂಡಲೇ ಎದ್ದು ತಲೆಗೆ ಸೆರಗು ಹೊದೆಯುತ್ತಿದ್ದರು. ಯಜಮಾನ ಬಂದನೆಂದು ತಿಳಿಯಲು ಆ ಮನೆಯಲ್ಲಿ ಅದೇ ರೂಢಿ.

ಕೆಲವು ಕಾಲದ ಮೇಲೆ ಸೊಸೆಗೂ ಕೆಮ್ಮು ಬಂತು. ಅವಳಿಗೆ ಹಾಲು ಕುಡಿಯುವ ಮಗುವಿತ್ತು. ಸೊಸೆಯ ಕೆಮ್ಮಿಗೆ ಯಾರೂ ಎದ್ದು ನಿಲ್ಲಲಿಲ್ಲ. "ಊಟಕ್ಕೆ ಕೂತವರ ಮುಂದೆ ಏನೇ ಅದು?" ಎಂದು ಅತ್ತೆ ಗದರಿದಳು. ಸೊಸೆ ಬಾಯಿಗೆ ಸೆರಗು ತುರುಕಿಕೊಂಡು ಕೆಮ್ಮು ನುಂಗುವುದನ್ನು ಕಲಿತಳು. ಸಂಜೆಯಾದರೆ ಮೈ ಕಾಯುತ್ತಿತ್ತು. ರವಿಕೆ ಸಡಿಲವಾಯಿತು. ಹೊಲಿಗೆ ಹಾಕಿ ಬಿಗಿ ಮಾಡಿಕೊಂಡಳು. ಮತ್ತೆ ಸಡಿಲವಾಯಿತು.

ಕೊನೆಗೆ ಅತ್ತೆಯೇ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಕಫ ಪರೀಕ್ಷೆಯಾಗಬೇಕು, ಎದೆಯಾಳದಿಂದ ಕೆಮ್ಮಿ ತೆಗೆದ ಕಫವನ್ನು ಇದರಲ್ಲಿ ಹಾಕು ಎಂದು ಡಾಕ್ಟರು ಒಂದು ಸಣ್ಣ ಡಬ್ಬಿ ಕೊಟ್ಟರು. ಪಕ್ಕದಲ್ಲಿ ಅತ್ತೆ ನಿಂತಿದ್ದಳು. ಎದುರಿನ ಬೆಂಚಿನ ಮೇಲೆ ಊರಿನ ಗಂಡಸರು ಕೂತಿದ್ದರು. ಸೊಸೆ ಗೋಡೆಯ ಕಡೆ ತಿರುಗಿ, ಸದ್ದಾಗದಂತೆ, ಬಾಯಲ್ಲಿದ್ದ ಉಗುಳನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದಳು.

ರೋಗವಿಲ್ಲ ಎಂದು ಉತ್ತರ ಬಂತು. "ಬಾಣಂತನದಲ್ಲಿ ತಣ್ಣೀರು ಮುಟ್ಟಬೇಡ ಅಂದರೆ ಕೇಳಲಿಲ್ಲ, ಅದಕ್ಕೇ ಇದು" ಎಂದು ಅತ್ತೆ ಮಾತು ಮುಗಿಸಿದಳು.

ಮನೆಯವರು ನಿಶ್ಚಿಂತರಾದರು. ಸೊಸೆ ಸೊರಗುತ್ತಲೇ ಹೋದಳು. ಒಂದು ದಿನ ಮಗುವಿಗೆ ಹಾಲು ಕೊಡುತ್ತಿದ್ದಾಗ ಕೆಮ್ಮು ಬಂತು. ನುಂಗಲು ಆಗಲಿಲ್ಲ. ಸೆರಗಿನಲ್ಲಿ ರಕ್ತ ಕಂಡಿತು. ಅವಳು ಯಾರನ್ನೂ ಕೇಳದೆ ಮಗುವನ್ನೆತ್ತಿಕೊಂಡು ಆಸ್ಪತ್ರೆಗೆ ಹೋದಳು.

"ಹೋದ ಸಲ ನಾನು ಕೊಟ್ಟಿದ್ದು ಬರೀ ಉಗುಳು. ನೀವು ಪರೀಕ್ಷೆ ಮಾಡಿದ್ದು ನನ್ನ ನಾಚಿಕೆಯನ್ನು. ಇನ್ನೊಂದು ಡಬ್ಬಿ ಕೊಡಿ" ಎಂದಳು.

ಅಂಗಳದ ಬಯಲಿಗೆ ಬಂದು, ಸೊಂಟದ ಮೇಲೆ ಕೈಯಿಟ್ಟು, ಬೀದಿಯಲ್ಲಿ ಹೋಗುವವರು ತಿರುಗಿ ನೋಡುವಂತೆ ಕೆಮ್ಮಿದಳು.

ಈ ಸಲದ ಉತ್ತರ ಕ್ಷಯ ಎಂದಿತ್ತು. "ತಿಂಗಳುಗಟ್ಟಲೆ ಮಾತ್ರೆ ನುಂಗಬೇಕು. ಮೈ ಹಗುರವಾಯಿತೆಂದು ನಡುವೆ ಬಿಡಬಾರದು, ಬಿಟ್ಟರೆ ರೋಗ ಔಷಧಿಗೆ ಬಗ್ಗುವುದಿಲ್ಲ. ಬಾಯಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಹಾಲು ಕೊಡು. ಮಗುವನ್ನೂ ಪರೀಕ್ಷೆ ಮಾಡಿ, ರೋಗ ಬಾರದಂತೆ ಔಷಧಿ ಕೊಡುತ್ತೇವೆ" ಎಂದರು ಡಾಕ್ಟರು. ಆಮೇಲೆ, "ಮನೆಯಲ್ಲಿ ಮತ್ತೆ ಯಾರಿಗಾದರೂ ಕೆಮ್ಮಿದೆಯೇ?" ಎಂದು ಕೇಳಿದರು.

"ಯಾರಿಗೂ ಇಲ್ಲ" ಎಂದಳು. ಅವಳು ಸುಳ್ಳು ಹೇಳಲಿಲ್ಲ. ಅವಳಿಗೆ ಹಾಗೆಯೇ ಅನ್ನಿಸಿತ್ತು.

ಸುದ್ದಿ ಕೇಳಿ ಗಂಡ ನೆಲ ನೋಡಿದ. ಅತ್ತೆ ನೆಲ ನೋಡಲಿಲ್ಲ. "ನಮ್ಮ ವಂಶದಲ್ಲೇ ಇಲ್ಲದ ರೋಗ. ತವರಿಂದ ತಂದಿದ್ದೀಯ, ಅಲ್ಲಿಗೇ ತಗೊಂಡು ಹೋಗು. ಮಗು ಇಲ್ಲಿರಲಿ. ತಾತನ ಮಡಿಲಲ್ಲಿ ಬೆಳೆಯುತ್ತೆ."

ಆಗ ಬಾಗಿಲಲ್ಲಿ ಯಜಮಾನ ಕೆಮ್ಮಿದ. ಅತ್ತೆ ಮಾತು ನಿಲ್ಲಿಸಿ ಸೆರಗು ಎಳೆದುಕೊಂಡಳು. ಸೊಸೆಯ ಕೈಯೂ ಸೆರಗಿಗೆ ಹೋಯಿತು. ಅರ್ಧದಲ್ಲಿ ನಿಂತಿತು. ಕೇಳಿಸಿದ್ದು ಕೆಮ್ಮು. ಮದುವೆಯಾಗಿ ಬಂದ ದಿನದಿಂದ ಕೇಳಿದ್ದಳು, ಕೆಮ್ಮೆಂದು ಒಮ್ಮೆಯೂ ಎಣಿಸಿರಲಿಲ್ಲ.

ಅವಳು ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಬಂದ ದಾರಿಯಲ್ಲೇ ಆಸ್ಪತ್ರೆಗೆ ತಿರುಗಿ ಹೋಗಿ ಮತ್ತೊಂದು ಡಬ್ಬಿ ತಂದಳು. ಯಜಮಾನ ಜಗಲಿಯ ಮೇಲೆ ನಾಲ್ಕು ಜನರ ನಡುವೆ ಕೂತಿದ್ದ. ಡಬ್ಬಿಯನ್ನು ಅವನ ಮುಂದಿಟ್ಟಳು.

"ಮಾವ, ಇದರಲ್ಲಿ ಕಫ ಕೊಡಬೇಕು."

"ನನಗೆಲ್ಲಿದೆಯೇ ಕೆಮ್ಮು? ನಾನು ಬರುವುದು ನಿಮಗೆ ಗೊತ್ತಾಗಲಿ ಎಂದು ಗಂಟಲು ಸರಿಮಾಡಿಕೊಳ್ಳುತ್ತೇನೆ."

"ಬೆಳಗಿನ ಜಾವ ಮಲಗಿದಲ್ಲೇ ಸರಿಮಾಡಿಕೊಳ್ಳುತ್ತೀರಲ್ಲ, ಆಗ ಯಾರ ಮನೆಗೆ ಹೋಗುತ್ತಿರುತ್ತೀರಿ?"

ಜಗಲಿಯಲ್ಲಿದ್ದ ಒಬ್ಬ ನಕ್ಕುಬಿಟ್ಟ. ಯಜಮಾನನ ಮುಖ ಕೆಂಪಾಯಿತು. "ಈಗಲೇ ಮನೆ ಬಿಟ್ಟು ಹೋಗು" ಎಂದ.

"ಹೋಗೆಂದರೆ ಹೋಗುತ್ತೇನೆ. ಮಗುವನ್ನು ನಿಮ್ಮ ಮಡಿಲಲ್ಲಿ ಬಿಟ್ಟು ಹೋಗು ಎನ್ನುತ್ತಿದ್ದಾರೆ ಅತ್ತೆ. ನಿಮ್ಮ ಎದೆಯಲ್ಲಿ ಏನಿದೆ ಎಂದು ತಿಳಿಯದೆ ಬಿಡುವುದಿಲ್ಲ. ನೀವು ಈ ಡಬ್ಬಿ ಮುಟ್ಟುವ ತನಕ ನಾನು ಇಲ್ಲಿಂದ ಏಳುವುದೂ ಇಲ್ಲ." ಎಂದವಳೇ ಹೊಸ್ತಿಲಿನ ಮೇಲೆ ಕೂತುಬಿಟ್ಟಳು. ಅವಳನ್ನು ದಾಟದೆ ಯಾರೂ ಒಳಗೆ ಹೋಗುವಂತಿರಲಿಲ್ಲ.

ಯಜಮಾನ ಹೆಂಡತಿಯ ಕಡೆ ನೋಡಿದ. ಇವಳನ್ನು ಎಬ್ಬಿಸು ಎಂಬಂತೆ ಕಣ್ಣು ಮಾಡಿದ. ಬಾಗಿಲ ಹಿಂದಿದ್ದ ಅತ್ತೆ ಹೊಸ್ತಿಲ ತನಕ ಬಂದಳು. ಆಮೇಲೆ, "ಆ ಬೆಳಗಿನ ಕೆಮ್ಮಿಗೆ ನಾನೂ ಎಷ್ಟೋ ಸಲ ಎದ್ದು ಕೂತಿದ್ದೇನೆ. ಡಬ್ಬಿ ತಗೊಳ್ಳಿ" ಎಂದಳು.

ಯಜಮಾನ ತಗೊಂಡ. ಅವನ ಎದೆಯಲ್ಲಿದ್ದ ಕ್ಷಯ ಸೊಸೆಯದಕ್ಕಿಂತ ಹಳೆಯದು. ಡಾಕ್ಟರು ಎಕ್ಸ್‌ರೇ ಹಿಡಿದು ನೋಡಿ, ಇನ್ನೂ ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು. ಸೊಸೆ ತವರಿಗೆ ಹೋಗಲಿಲ್ಲ. ಇಬ್ಬರೂ ಅದೇ ಮನೆಯಲ್ಲಿ ಮಾತ್ರೆ ನುಂಗಿದರು. ನಡುವೆ ಒಮ್ಮೆ ಯಜಮಾನ, ಸಾಕು, ನನಗೆ ವಾಸಿಯಾಯಿತು ಎಂದ. ವಾಸಿಯಾಯಿತೋ ಇಲ್ಲವೋ ಡಾಕ್ಟರು ಹೇಳಲಿ ಎಂದು ಸೊಸೆ ನೀರಿನ ಲೋಟ ಹಿಡಿದು ಎದುರಿಗೇ ನಿಂತಳು. ಅವನು ಗೊಣಗಿಕೊಂಡೇ ನುಂಗಿದ. ಇಬ್ಬರಿಗೂ ವಾಸಿಯಾಯಿತು. ಮಗುವಿಗೆ ರೋಗ ತಾಗಲಿಲ್ಲ.

ಗುರುಮಾತೆ ಕತೆ ನಿಲ್ಲಿಸಿದರು.

ಶಿಷ್ಯೆಗೆ ಸಮಾಧಾನವಾಗಲಿಲ್ಲ. "ವಾಸಿಯಾಯಿತು, ಸರಿ. ಆದರೆ ನಾಲ್ಕು ಜನರ ಮುಂದೆ ಹಿರಿಯರ ಮರ್ಯಾದೆ ಕಳೆದಳಲ್ಲ ಅಮ್ಮಾ?"

ಗುರುಮಾತೆ ಅವಳನ್ನೇ ನೋಡಿ ಕೇಳಿದರು: "ಅವಳು ಮರ್ಯಾದೆ ಕಾಯುತ್ತಲೇ ಸತ್ತಿದ್ದರೆ, ಆ ಹಿರಿಯನನ್ನು ಬದುಕಿಸುವವರು ಯಾರಿದ್ದರು?"