ಗುಂಡಲದೊಡ್ಡಿಯ ಲಾವಿಬಂಡೆ

ಗುಂಡಲದೊಡ್ಡಿಯ ಹಿಂದೆ, ಹೆಗ್ಗುಂಡುಗಳು ಒಂದರ ಮೇಲೊಂದು ಕೂತ ಗುಡ್ಡಗಳ ನಡುವೆ, ಗೋಡೆಯಂತೆ ನೇರವಾಗಿ ನಿಂತ ಒಂದು ಕರಿಬಂಡೆಯಿದೆ. ಅದರ ಬುಡದಲ್ಲಿ ಬೇಸಿಗೆಯಲ್ಲೂ ಬತ್ತದ ದೊಣೆ. ಕಲ್ಲಿನ ಕುಳಿಯಲ್ಲಿ ನಿಂತ ಮಳೆನೀರು, ಆಳ ಕಾಣುವುದಿಲ್ಲ. ಎದುರಿನ ದಿಬ್ಬದಿಂದ ಕೂಗಿದರೆ ಬಂಡೆ ಮರುಕೂಗು ಕೊಡುತ್ತದೆ. ರಜೆಯ ದಿನ ಪಟ್ಟಣದವರು ಬಂದು "ಲಾವೀ" ಎಂದು ಕೂಗಿ, ಬಂಡೆಯೂ "ಲಾವೀ" ಎಂದಾಗ ಚಪ್ಪಾಳೆ ತಟ್ಟುತ್ತಾರೆ. ಇಲ್ಲಿ ಲಾವಕ್ಕಿ ಹೆಚ್ಚು, ಅದಕ್ಕೇ ಲಾವಿಬಂಡೆ ಎಂದು ಯಾರೋ ಬಲ್ಲವರು ಅವರಿಗೆ ಹೇಳಿಬಿಟ್ಟಿದ್ದಾರೆ. ಬಲ್ಲವರಂತೆ, ಬಲ್ಲವರು! ಲಾವಕ್ಕಿ ಯಾವ ಹೊಲದಲ್ಲಿಲ್ಲ? ಊರಿನ ಹಿರಿಯರನ್ನು ಕೇಳಿದರೆ ಬೇರೆಯದನ್ನೇ ಹೇಳುತ್ತಾರೆ.

ಹಿಂದೆ ಒಮ್ಮೆ, ಇಲ್ಲಿ ಬರೀ ಕುರಿಗಾರರ ಗುಡಿಸಲುಗಳಿದ್ದ ಕಾಲದಲ್ಲಿ, ಹುಲಿಗೆವ್ವ ಎಂಬ ಹೆಣ್ಣುಮಗಳು ಚೊಚ್ಚಲ ಬಸುರಿಯಾಗಿದ್ದಳು. ಗುಂಡುಗಳ ಸಂದಿಯಲ್ಲಿ ಕುರಿ ಮೇಯಿಸುವವರು ಒಬ್ಬರಿಗೊಬ್ಬರು ಕಾಣುವುದಿಲ್ಲ, ಕೂಗಿಯೇ ಹುಡುಕಬೇಕು. ಹಾಗಾಗಿ ಬಸುರಿಯರು ದಿಬ್ಬ ಹತ್ತಿ, ಹುಟ್ಟಲಿರುವ ಮಗುವಿನ ಹೆಸರು ಸರಿಯಾಗಿ ತಿರುಗಿ ಬರುತ್ತದೆಯೇ ಎಂದು ಬಂಡೆಗೆ ಕೂಗಿ ನೋಡುವುದು ರೂಢಿಯಾಗಿತ್ತಂತೆ. ಹುಲಿಗೆವ್ವ ತನಗೆ ಗೊತ್ತಿದ್ದ ದೇವತೆಗಳ ಹೆಸರನ್ನೆಲ್ಲ ಕೂಗಿದಳು. ಉದ್ದದ ಹೆಸರುಗಳೆಲ್ಲ ಕಲಸಿಹೋಗಿ ಬರೀ "ಅವ್ವಾ" ಎಂದು ತಿರುಗಿ ಬಂದವು. ಸಾಕಾಗಿ ಕೂತಾಗ ಕಾಲ ಬುಡದಿಂದಲೇ ಒಂದು ಲಾವಕ್ಕಿ ಬುರ್ರನೆ ಎದ್ದು ಹಾರಿತು. ಬೆಚ್ಚಿ, ನಕ್ಕು, "ಲಾವೀ" ಎಂದಳು. ಬಂಡೆ ಚಾಚೂ ತಪ್ಪದೆ ಒಪ್ಪಿಸಿತು. ಎರಡೇ ಅಕ್ಷರ, ಯಾರ ಮನೆಯಲ್ಲೂ ಇಲ್ಲದ್ದು. ಆಕೆಗೆ ಹೊಟ್ಟೆಯಲ್ಲಿದ್ದದ್ದು ಹೆಣ್ಣೇ ಎಂದು ಆಗಲೇ ಖಾತ್ರಿಯಾಯಿತು ಎನ್ನುತ್ತಾರೆ.

ಹೆಣ್ಣೇ ಹುಟ್ಟಿತು. ಆದರೆ ಹೆಸರಿಡುವ ಹಕ್ಕು ಸೋದರತ್ತೆಯದು. ಗಂಡನ ಅಕ್ಕ ನಿಂಬೆವ್ವ ಕುರಿಹಿಂಡಿನ ಸಂಗಡ ದೂರದ ಸೀಮೆಗೆ ಹೋಗಿದ್ದಳು. ಹಿಂಡು ತಿರುಗಿ ಬರುವ ತನಕ ತೊಟ್ಟಿಲ ಶಾಸ್ತ್ರ ನಿಂತಿತು. ಅಷ್ಟರಲ್ಲಿ ಕೂಸು ನಡೆಯತೊಡಗಿತ್ತು. ಎಲ್ಲಿದ್ದರೂ "ಲಾವೀ" ಎಂದರೆ ಸಾಕು, ಬಿದ್ದು ಎದ್ದು ತಾಯಿಯ ಕಾಲಿಗೆ ಬಂದು ತೆಕ್ಕೆಬೀಳುತ್ತಿತ್ತು. ನಿಂಬೆವ್ವ ಬಂದವಳೇ ಇದನ್ನು ಕೇಳಿ ಕೆಂಡವಾದಳು. "ಸತ್ತ ನಮ್ಮವ್ವನ ಹೆಸರು ಮಣ್ಣಾಗಬೇಕೇನ? ಹಕ್ಕಿ ಹೆಸರು ಹಿಡಕೊಂಡು ಕುಣ್ಯಾಕತ್ತೀಯಲ್ಲ, ನಾಚಿಕಿಲ್ಲ ನಿನಗ?"

"ಅಕ್ಕಾ, ಅದು ಆ ಹೆಸರಿಗಷ್ಟ ತಿರುಗಿ ನೋಡತೈತಿ. ನಿಮ್ಮವ್ವನ ಹೆಸರೂ ಇಡ್ರಿ, ಬ್ಯಾಡ ಅನ್ನಂಗಿಲ್ಲ. ಇದನ್ನ ಮಾತ್ರ ಬಿಡಿಸಬ್ಯಾಡ್ರಿ," ಎಂದು ಹುಲಿಗೆವ್ವ ಕಾಲು ಹಿಡಿದಳು. ಗಂಡನೆಂಬುವನು ಎದ್ದು ಕುರಿಗಳ ಕಡೆಗೆ ಹೋದ. ನಿಂಬೆವ್ವ ಕೂಸಿನ ಕಿವಿಯಲ್ಲಿ ತನ್ನ ತಾಯಿಯ ಉದ್ದನೆಯ ಹೆಸರನ್ನು ಊದಿದಳು. ಅಷ್ಟಕ್ಕೇ ಬಿಡದೆ, ಹುಲಿಗೆವ್ವನ ಕೈಯನ್ನು ದೇವರ ಭಂಡಾರದ ಅರಿಸಿನದ ಮೇಲಿಡಿಸಿ ಆಣೆ ಹಾಕಿಸಿದಳು: ಆ ಹಕ್ಕಿಯ ಹೆಸರು ಮತ್ತೆ ಬಾಯಲ್ಲಿ ಬಂದರೆ ಕೂಸು ದಕ್ಕುವುದಿಲ್ಲ.

ಕೆಲವೇ ದಿನಕ್ಕೆ ಕೂಸು ಮರಿಗಳ ಹಿಂದೆ ಹೋದದ್ದು ಕಾಣೆಯಾಯಿತು. ಇಡೀ ದೊಡ್ಡಿ ಗುಂಡುಗಳ ನಡುವೆ ಚದುರಿ ಉದ್ದನೆಯ ಹೆಸರನ್ನು ಕೂಗಿತು. ಅದು ತನ್ನ ಹೆಸರೆಂದು ಆ ಕೂಸಿಗೇನು ಗೊತ್ತು? ಎಲ್ಲೋ ಸಂದಿಯಲ್ಲಿ ಕೂತು ಆಡುತ್ತಿತ್ತೋ ಏನೋ. ದಿಬ್ಬದ ಮೇಲೆ ಹುಲಿಗೆವ್ವ ಸೆರಗು ಬಾಯಿಗೆ ತುರುಕಿಕೊಂಡು ನಿಂತಿದ್ದಳು. ಕೂಗಿದರೆ ಆಣೆ, ಕೂಗದಿದ್ದರೆ ಕತ್ತಲು, ತೋಳನ ಭಯ. ಹೊತ್ತು ಮುಳುಗಿ ಎದುರಿನವರ ಮುಖ ಕಾಣದಂತಾದಾಗ ತಡೆಯಲಾರದೆ ಬಾಯಿಂದ ಸೆರಗು ಕಿತ್ತೆಳೆದು ಕೂಗಿದಳು, "ಲಾವೀ!"

"ಅವ್ವಾ" ಎಂದಿತು ಕೂಸು, ಕೆಳಗಿನಿಂದ. ಎಲ್ಲರಿಗೂ ಕೇಳಿತು. ಆದರೆ ಬಂಡೆಯೂ ಕರೆದಿತ್ತಲ್ಲ, ಅದೇ ಹೆಸರು, ಅದೇ ದನಿ. ಬೆಳಕಿದ್ದರೆ ದಿಬ್ಬದ ಮೇಲಿನ ತಾಯಿ ಕಣ್ಣಿಗೆ ಬೀಳುತ್ತಿದ್ದಳು. ಕತ್ತಲಲ್ಲಿ ಕೂಸು ಹತ್ತಿರದ ದನಿಯ ಕಡೆಗೆ, ಬಂಡೆಯ ಬುಡಕ್ಕೆ ಓಡಿತು. ದೊಣೆಯಿದ್ದದ್ದು ಅಲ್ಲೇ.

ನೀರಿನಿಂದ ಎತ್ತಿ ತಂದಾಗ ನಿಂಬೆವ್ವ, "ಆಣೆ ಮುರಿದಿ, ಮಗಳನ್ನ ತಿಂದುಕೊಂಡಿ," ಎಂದಳಂತೆ. ಹುಲಿಗೆವ್ವ ಅಳಲಿಲ್ಲ. "ಬೆಳಕಿದ್ದಾಗ ಕರೆದಿದ್ದರ ಬರ್ತಿತ್ತು. ಕರಿಯಾಕ ನೀ ಬಿಡಲಿಲ್ಲ," ಎಂದಳು. ಮುಂದೆ ಬದುಕಿದ್ದಷ್ಟು ಕಾಲ ದಿನಾ ದಿಬ್ಬ ಹತ್ತಿ, ಬಿಸಿಲಿರುವಾಗಲೇ, ಊರಿಗೆಲ್ಲ ಕೇಳುವಂತೆ ಮಗಳನ್ನು ಕರೆಯುತ್ತಿದ್ದಳು. ಯಾರೂ ಬೇಡವೆನ್ನಲಿಲ್ಲ. ಬೇಡವೆನ್ನಲು ಯಾವ ಬಾಯಿತ್ತು ಅವರಿಗೆ?

ದೊಡ್ಡಿಯವರು ಇಂದಿಗೂ ಹೊತ್ತು ಮುಳುಗಿದ ಮೇಲೆ ಅಲ್ಲಿ ಯಾರ ಹೆಸರನ್ನೂ ಕೂಗುವುದಿಲ್ಲ. ಬಂದವರು ಮಾತ್ರ ಕೂಗುತ್ತಾರೆ, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕೂಗಿಸುತ್ತಾರೆ. ಬಂಡೆ ಆ ಎರಡಕ್ಷರವನ್ನು ಇವತ್ತಿಗೂ ಪೂರ್ತಿಯಾಗಿ ತಿರುಗಿ ಕೊಡುತ್ತದೆ. ನಿಂಬೆವ್ವ ಉಳಿಸಹೊರಟ ಆ ಉದ್ದನೆಯ ಹೆಸರು ಯಾವುದೆಂದು ಊರಿನಲ್ಲಿ ಯಾರನ್ನು ಕೇಳಿದರೂ ಗೊತ್ತಿಲ್ಲ.